ಸಾಹೇಬರ ಕೋಣೆಯ ಒಂದೂವರೆ ಅಡಿ

“ಮೂರನೇ ಸಲ ಅಳೀತಿದ್ದೀರಿ ಅತ್ತೆ. ಟೇಪೇ ಸವೆದುಹೋಗತ್ತೆ.”

“ಸವೆದ್ರೆ ಹೊಸದು ತಗೋತೀನಿ. ನೀನು ಆ ತುದಿ ಬಿಗಿಯಾಗಿ ಹಿಡ್ಕೋ ತಾಯಿ.”

ಮೇಸ್ತ್ರಿಯ ಮಗಳು ಬಿಗಿಯಾಗಿಯೇ ಹಿಡಿದಿದ್ದಳು. ಅಳತೆ ಅತ್ತೆ ಮೊಣಕಾಲೂರಿ ಎದುರು ಗೋಡೆಯ ಬುಡದವರೆಗೆ ಟೇಪು ಎಳೆದಳು. ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ ಓದಿದಳು. ಹನ್ನೆರಡೂವರೆ ಅಡಿ. ಮೊದಲ ಸಲವೂ ಅಷ್ಟೇ, ಎರಡನೇ ಸಲವೂ ಅಷ್ಟೇ.

ಈ ಕೋಣೆ ಹನ್ನೊಂದು ಅಡಿ ಇರಬೇಕಿತ್ತು.

ಶುಕ್ರವಾರ ಸಾರವೆಯ ಹಲಗೆ ಮುರಿದು ಮೇಲಿನಿಂದ ಬಿದ್ದ ಮೇಸ್ತ್ರಿಗೆ ಆಸ್ಪತ್ರೆಯಲ್ಲಿ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಹಲಗೆಯನ್ನು ಯಾರೋ ಅಡಿಯಿಂದ ಮುಕ್ಕಾಲು ಭಾಗ ಕೊಯ್ದಿಟ್ಟಿದ್ದರು. ಅವತ್ತು ಬೆಳಗ್ಗೆ ಮೇಸ್ತ್ರಿಯ ಜೊತೆ ಕೂಗಾಡಿದ್ದವನು ಅಳತೆ ಅತ್ತೆಯ ತಮ್ಮ, ಈ ಮನೆಯ ಯಜಮಾನ. ಜಗಳ ಯಾತಕ್ಕೆ ಎಂದರೆ ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

“ನಿಮ್ಮ ಮುಖ ನೋಡಿ ಮಂಗಳವಾರ ಐದು ಗಂಟೆವರೆಗೆ ಕಾಯ್ತೀನಿ,” ಎಂದಿದ್ದರು ಇನ್ಸ್‌ಪೆಕ್ಟರು. “ಅಷ್ಟರೊಳಗೆ ಬೇರೆ ಯಾರಾದ್ರೂ ಇದ್ರೆ ತೋರಿಸಿ. ಇಲ್ಲಾಂದ್ರೆ ನಿಮ್ಮ ತಮ್ಮ ಒಳಗೆ.”

ಇವತ್ತು ಮಂಗಳವಾರ. ಗಂಟೆ ಮೂರೂಕಾಲು. ತಮ್ಮ ಬೆಳಗ್ಗೆಯಿಂದ ಸ್ಟೇಷನ್ನಿನಲ್ಲೇ ಕೂತಿದ್ದ.

ಅವನು ಕಟ್ಟುತ್ತಿದ್ದ ಮನೆ ಹೊಸದೇನಲ್ಲ. ರಸ್ತೆ ಅಗಲ ಮಾಡಲು ಕೆಡವಬೇಕೆಂದಿದ್ದ ನೂರು ವರ್ಷದ ಮರದ ಸರ್ವೆ ಆಫೀಸು, ಅದರ ಹಿಂದಿನ ಗೋದಾಮು, ಎರಡನ್ನೂ ಒಂದೊಂದೇ ಮರವಾಗಿ ಬಿಚ್ಚಿ, ನಂಬರು ಹೊಡೆದು, ಹನ್ನೆರಡು ಮೈಲಿ ಲಾರಿಯಲ್ಲಿ ಸಾಗಿಸಿ, ಅಪ್ಪ ಬಿಟ್ಟುಹೋದ ಈ ದಿಬ್ಬದ ಮೇಲೆ ಮತ್ತೆ ಜೋಡಿಸುತ್ತಿದ್ದರು. ಆಫೀಸಾಗಿದ್ದದ್ದು ಈಗ ಹಜಾರ ಮತ್ತು ಮಲಗುವ ಕೋಣೆಗಳಾಗುತ್ತಿತ್ತು, ಗೋದಾಮಾಗಿದ್ದದ್ದು ಅಡುಗೆಮನೆ. ಏಳು ತಿಂಗಳಿಂದ ಸಂಸಾರವೆಲ್ಲ ಮೂಲೆಯ ತಗಡಿನ ಶೆಡ್ಡಿನಲ್ಲಿತ್ತು. ಇನ್ನೂ ಗಾಜು ಕಾಣದ ಕಿಟಕಿಗಳನ್ನು ಎರಡು ಮಕ್ಕಳು ಆಗಲೇ ಹಂಚಿಕೊಂಡು, ಅದಕ್ಕಾಗಿ ಜಗಳವಾಡಿ, ರಾಜಿಯೂ ಆಗಿದ್ದವು.

ಅಳತೆ ಅತ್ತೆ ಎಂದು ಹೆಸರಿಟ್ಟಿದ್ದೂ ಆ ಮಕ್ಕಳೇ. ಈಗ ದಿಬ್ಬಕ್ಕೆ ಬರುವವರೆಲ್ಲ ಹಾಗೆಯೇ ಕರೆಯುತ್ತಿದ್ದರು, ಮೇಸ್ತ್ರಿಗೆ ಮಾತ್ರ ಅವಳು ಅಳತೆಯಮ್ಮ. ಮೂವತ್ತು ವರ್ಷ ಸರ್ವೆ ಕೆಲಸ ಮಾಡಿ ನಿವೃತ್ತಳಾದ ಮೇಲೆ, ಗಡಿ ತಕರಾರು, ಜರುಗಿದ ಕಲ್ಲು, ಕಾಣೆಯಾದ ಪತ್ರ ಎಂದು ಜನ ಅವಳ ಬಾಗಿಲಿಗೆ ಬರತೊಡಗಿದ್ದರು. ಅವಳು ಹುಡುಕಿಕೊಡುತ್ತಿದ್ದಳು. ಹುಡುಕಿಕೊಟ್ಟ ಮೇಲೂ, ಸರಿಯಾಗಿ ಹುಡುಕಿದೆನೇ ಎಂದು ವಾರಗಟ್ಟಲೆ ಪೇಚಾಡುತ್ತಿದ್ದಳು.

“ಹನ್ನೊಂದೇ ಅಂತ ನಿಮಗೆ ಹೇಗೆ ಗೊತ್ತು?” ಮೇಸ್ತ್ರಿಯ ಮಗಳು ಕೇಳಿದಳು. ಮೂವತ್ತೈದರ ಗಟ್ಟಿ ಹೆಂಗಸು. ಅಪ್ಪನ ಜೊತೆ ಉಳಿ ಹಿಡಿದೇ ಬೆಳೆದವಳು.

“ಕೆಲಸಕ್ಕೆ ಸೇರಿದ ಮೊದಲ ಎಂಟು ವರ್ಷ ನಾನು ಇದೇ ಆಫೀಸಲ್ಲಿದ್ದೆ. ಇದು ಸಾಹೇಬರ ಕೋಣೆ. ನೆಲಹಾಸು ತರಿಸುವಾಗ ಅಳೆದವಳು ನಾನೇ.”

ಹೇಳುತ್ತಿದ್ದಂತೆ ಅವಳಿಗೇ ಅನುಮಾನ ಬಂತು. ಮೂವತ್ತು ವರ್ಷದ ಹಿಂದಿನ ನೆಲಹಾಸಿನ ನೆನಪನ್ನು ನಂಬಿ ಯಾರದಾದರೂ ಕೈಗೆ ಕೋಳ ಹಾಕಿಸಬಹುದೇ?

“ಅಂದ್ರೆ ಕೋಣೆ ಬೆಳೆದಿದೆ ಅಂತೀರಾ? ಮಕ್ಕಳ ಹಾಗೆ?”

“ಒಳಗೆ ಮಾತ್ರ ಬೆಳೆದಿದೆ. ಹೊರಗಿಂದ ಅಳೆದೆ, ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಹೊರಗಿನ ಗೋಡೆ ಜರುಗಿಲ್ಲ, ಒಳಗೆ ಒಂದೂವರೆ ಅಡಿ ಜಾಸ್ತಿ ಆಗಿದೆ. ಅದರರ್ಥ ಒಂದೇ. ಈ ಗೋಡೆ ಮುಂದೆ ಇನ್ನೊಂದು ಗೋಡೆ ಇತ್ತು. ಎರಡರ ಮಧ್ಯೆ ಸಂದು ಇತ್ತು. ಆ ಒಳಗೋಡೆ ಈಗಿಲ್ಲ.”

ಟೇಪಿನ ತುದಿ ಮೇಸ್ತ್ರಿಯ ಮಗಳ ಬೆರಳಿನಿಂದ ಜಾರಿ, ಸರ್ರನೆ ಬಂದು ಡಬ್ಬಿ ಸೇರಿತು.

“ಬೆವರು,” ಎಂದಳು ಅವಳು, ಅಂಗೈ ಒರೆಸಿಕೊಳ್ಳುತ್ತ.

ಅಂಗೈ ಒಣಗಿಯೇ ಇತ್ತು. ಅಳತೆ ಅತ್ತೆ ಅದನ್ನು ನೋಡಿದಳು. ನೋಡಿದ್ದನ್ನು ತೋರಿಸಿಕೊಳ್ಳಲಿಲ್ಲ.

ಅವಳು ಎದ್ದು ಕಂಬಗಳ ಹತ್ತಿರ ಹೋದಳು. ಬಿಚ್ಚುವಾಗ ಪ್ರತಿ ಮರಕ್ಕೂ ಮೇಸ್ತ್ರಿ ಒಂದು ತಗಡಿನ ಬಿಲ್ಲೆ ಹೊಡೆಸಿದ್ದ. ಬಿಲ್ಲೆಯ ಮೇಲೆ ನಂಬರು, ನಂಬರಿನ ಎರಡೂ ಕಡೆ ಸಣ್ಣ ಮೊಳೆ. ಬಿಲ್ಲೆಯನ್ನು ಎಲ್ಲೆಂದರಲ್ಲಿ ಹೊಡೆಯುವಂತಿರಲಿಲ್ಲ. ಮರ ನಿಂತಿರುವಾಗಲೇ, ಸೂರ್ಯ ಹುಟ್ಟುವ ಕಡೆಯ ಮೈಗೆ, ತುದಿಯಿಂದ ಒಂದು ಗೇಣು ಕೆಳಗೆ ಹೊಡೆಯಬೇಕು. ಮರಕ್ಕೂ ಮುಖ ಇರತ್ತೆ, ಬಿಲ್ಲೆ ಮುಖದ ಮೇಲೇ ಇರ್ಬೇಕು ಎನ್ನುತ್ತಿದ್ದ. ಹಾಗೆ ಮಾಡಿದರೆ ಮತ್ತೆ ನಿಲ್ಲಿಸುವಾಗ ಯಾವ ಮೈ ಯಾವ ಕಡೆಗೆ ಎಂಬ ಗೊಂದಲವೇ ಇಲ್ಲ. ಬಿಲ್ಲೆಗಳೆಲ್ಲ ಬೆಳಗಿನ ಬಿಸಿಲಿಗೆ ಒಟ್ಟಿಗೆ ಹೊಳೆದರೆ ಮನೆ ಸರಿಯಾಗಿ ನಿಂತಿತೆಂದು ಲೆಕ್ಕ.

ನೂರ ನಲವತ್ತನೇ ಬಿಲ್ಲೆಯವರೆಗೆ ಎಲ್ಲವೂ ಮೂಡಲಿಗೆ ಮುಖ ಮಾಡಿದ್ದವು. ನೂರ ನಲವತ್ತೊಂದು ಪಡುವಣಕ್ಕೆ ತಿರುಗಿತ್ತು. ನೂರ ನಲವತ್ತೆರಡು ಪಕ್ಕಕ್ಕೆ. ನೂರ ನಲವತ್ತಮೂರು ಮತ್ತೆ ಪಡುವಣಕ್ಕೆ. ಅಲ್ಲಿಂದ ಕೊನೆಯ ನೂರ ಎಪ್ಪತ್ತರವರೆಗೂ ಇದೇ ಹಣೆಬರಹ.

ಅವಳು ನೂರ ನಲವತ್ತೊಂದರ ಕಂಬದ ಮೂಡಲ ಮೈಯನ್ನು ಬೆರಳ ತುದಿಯಿಂದ ಸವರಿದಳು. ಒಂದು ಗೇಣು ಕೆಳಗೆ ಉಗುರಿಗೆ ಮೇಣ ಹತ್ತಿತು. ಕೆರೆದಳು. ಮೇಣದಡಿ ಒಂದು ಮೊಳೆತೂತು. ಎರಡಂಗುಲ ಆಚೆ ಇನ್ನೊಂದು.

“ಇಲ್ಲಿ ಮೊದಲೊಂದು ಬಿಲ್ಲೆ ಇತ್ತು. ಕಿತ್ತು, ತೂತಿಗೆ ಮೇಣ ತುಂಬಿ, ಬೇರೆ ಬಿಲ್ಲೆ ಹೊಡೆದಿದ್ದಾರೆ. ಅದೂ ಮರ ನೆಲದ ಮೇಲೆ ಮಲಗಿದ್ದಾಗ. ಮಲಗಿದ ಮರಕ್ಕೆ ಮೂಡಲು ಯಾವುದು, ಪಡುವಣ ಯಾವುದು? ಮೇಲೆ ಕಂಡ ಮೈಗೆ ಹೊಡೆದು ಕೈ ತೊಳೆದುಕೊಂಡಿದ್ದಾರೆ.” ಅವಳು ತಿರುಗಿದಳು. “ಬಿಲ್ಲೆಗೆ ನಂಬರು ಕುಟ್ಟಿದವಳು ನೀನಲ್ವಾ? ಆಫೀಸಿನ ಕಡೆಗೆ ಒಟ್ಟು ಎಷ್ಟು?”

“ನೂರ ಎಂಬತ್ನಾಲ್ಕು.”

ಒಂದು ಕ್ಷಣವೂ ಯೋಚಿಸದೆ ಬಂದ ಉತ್ತರ. ಯಾರಾದರೂ ಕೇಳಲಿ ಎಂದೇ ಕಾದು ಕೂತಿದ್ದ ಹಾಗೆ.

“ಇಲ್ಲಿ ಕೊನೆಯದು ನೂರ ಎಪ್ಪತ್ತು. ಹದಿನಾಲ್ಕು ಕಡಿಮೆ.”

ಶೆಡ್ಡಿನ ಹಿಂದೆ ಮಿಕ್ಕ ಮರದ ರಾಶಿಯಿತ್ತು. ಗೋದಾಮಿನಲ್ಲಿ ಬಿದ್ದಿದ್ದ ಹುಳುಕು ಮರ, ಒಲೆಗಾದೀತು ಎಂದು ಈ ಮನೆಯ ನಕ್ಷೆ ಬರೆದವನು ಹೇಳಿದ್ದ. ಅಳತೆ ಅತ್ತೆ ಎಣಿಸಿದಳು. ಎರಡು ಕಂಬ, ಹನ್ನೆರಡು ಹಲಗೆ. ಹದಿನಾಲ್ಕಕ್ಕೆ ಹದಿನಾಲ್ಕು.

ಹುಳುಕಿನ ಸುಳಿವೇ ಇರಲಿಲ್ಲ. ಪ್ರತಿ ಹಲಗೆಯ ಒಂದು ಮೈಗೆ ಎದೆ ಎತ್ತರದವರೆಗೆ ಹಸಿರು ಬಣ್ಣ, ಆ ಕಾಲದ ಆಫೀಸಿನ ಹಸಿರು. ಇನ್ನೊಂದು ಮೈಗೆ ಬಣ್ಣವೇ ಇಲ್ಲ, ವರ್ಷಗಟ್ಟಲೆ ಧೂಳು ಕೂತು ಕಪ್ಪಾಗಿತ್ತು. ಮೂರು ಹಲಗೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದಾಗ ಆ ಕಪ್ಪಿನ ನಡುವೆ ಬಿಳಿಯ ಚೌಕವೊಂದು ಮೂಡಿತು. ಎರಡಡಿ ಅಗಲ, ಒಂದಡಿ ಎತ್ತರ. ಧೂಳು ತಾಗದಂತೆ ಏನೋ ಬಹಳ ಕಾಲ ಅಲ್ಲಿ ಒರಗಿ ನಿಂತಿತ್ತು.

“ಪೆಟ್ಟಿಗೆ,” ಎಂದಳು ಅಳತೆ ಅತ್ತೆ.

ಅವಳ ಎದೆ ಹಗುರಾಯಿತು. ಹಗುರಾದುದಕ್ಕೆ ನಾಚಿಕೆಯೂ ಆಯಿತು. ಬಿಲ್ಲೆ ಬದಲಾಯಿಸಿದರೆ ಸಾಲದು, ನಕ್ಷೆಯನ್ನೂ ಬದಲಾಯಿಸಬೇಕು. ನಕ್ಷೆ ಇದ್ದದ್ದು ಒಬ್ಬನ ಕೈಯಲ್ಲಿ. ಸಂದಿನಲ್ಲಿ ಸಿಕ್ಕ ಪೆಟ್ಟಿಗೆಯನ್ನು ಅವನು ಹೊಡೆದುಕೊಂಡ. ಸುಳಿವು ಸಿಗಬಾರದೆಂದು ಒಳಗೋಡೆಯನ್ನೇ ನುಂಗಿದ. ಅದು ಮೇಸ್ತ್ರಿಯ ಕಣ್ಣಿಗೆ ಬಿತ್ತು. ಮೇಸ್ತ್ರಿ ಸಾರವೆಯಿಂದ ಬಿದ್ದ. ಎಲ್ಲವೂ ಗಾಡಿಯ ಕೀಲಿನ ಹಾಗೆ ಕೂತಿತು. ತಮ್ಮ ಬಚಾವಾದ.

ಒಂದೇ ತೊಡಕು. ನಕ್ಷೆ ಬರೆದವನು ತಮ್ಮನ ಹೆಂಡತಿಯ ಅಣ್ಣ.

“ಅತ್ತಿಗೆ, ಟೀ.”

ತಮ್ಮನ ಹೆಂಡತಿ ಎರಡು ಲೋಟ ಹಿಡಿದು ಶೆಡ್ಡಿನ ಮೂಲೆಯಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಟೀಯ ಮೇಲೆ ಕೆನೆ ಕಟ್ಟಿತ್ತು.

“ನಮ್ಮಣ್ಣಂಗೆ ಫೋನು ಮಾಡಿ ಬರೋಕೆ ಹೇಳಿದ್ರಂತೆ?”

“ಹೇಳಿದೆ. ಮೊದಲ ಸಲ ಅಳೆದು ತಾಳೆ ಬೀಳದಿದ್ದಾಗಲೇ.”

“ನನ್ನ ಗಂಡನ್ನ ಬಿಡಿಸೋಕೆ ನನ್ನ ಅಣ್ಣನ್ನ ಹಿಡ್ಕೊಡ್ತೀರಾ ಅತ್ತಿಗೆ?” ಲೋಟ ಕೈಗಿಡುತ್ತ ಅವಳು ಮೆಲ್ಲಗೆ ಕೇಳಿದಳು. ದನಿಯಲ್ಲಿ ಜಗಳವಿರಲಿಲ್ಲ. ಅದೇ ಹೆಚ್ಚು ನೋಯಿಸಿತು. “ಯಾವ ಕಣ್ಣಲ್ಲಿ ಅಳಬೇಕು ಅಂತ ಮೊದಲೇ ಹೇಳಿಬಿಡಿ. ತಯಾರಾಗ್ತೀನಿ.”

ಅಳತೆ ಅತ್ತೆ ಕೆನೆಯನ್ನು ಬೆರಳಿಂದ ತೆಗೆದು ಬಿಸಾಡಿದಳು. ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದಳು.

ನಾಲ್ಕೂ ಇಪ್ಪತ್ತಕ್ಕೆ ಸ್ಕೂಟರು ದಿಬ್ಬ ಹತ್ತಿದ ಸದ್ದು ಕೇಳಿತು. ನಕ್ಷೆ ಬರೆದವನನ್ನು ಎಲ್ಲರೂ ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ಎರಡು ಕಿವಿಗೂ ಒಂದೊಂದು ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಿದ್ದ. ಒಂದು ಬರೆಯೋಕೆ, ಇನ್ನೊಂದು ಕೇಳಿದವರಿಗೆ ಕೊಡೋಕೆ ಎನ್ನುತ್ತಿದ್ದ. ಈವರೆಗೆ ಯಾರಿಗೂ ಕೊಟ್ಟವನಲ್ಲ. ದೇಹ ಮಾತ್ರ ಹೆಸರಿಗೆ ತದ್ವಿರುದ್ಧ. ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಏದುಸಿರು ಬಿಡುತ್ತ ಸಾಹೇಬರ ಕೋಣೆಗೆ ಬಂದ.

“ಏನಕ್ಕಾ, ಅರ್ಜೆಂಟು ಅಂದ್ರಿ?”

“ಕೂತ್ಕೋ.”

“ಎಲ್ಲಿ? ಕುರ್ಚಿನೇ ಇಲ್ಲ.”

“ಹಾಗಾದ್ರೆ ನಿಂತ್ಕೊಂಡೇ ಹೇಳು. ಈ ಕೋಣೆ ಉದ್ದ ಎಷ್ಟು?”

“ಹನ್ನೆರಡೂವರೆ.” ಥಟ್ಟನೆ ಬಂತು.

“ಬಿಚ್ಚೋಕೆ ಮುಂಚೆ?”

ಈ ಸಲ ಥಟ್ಟನೆ ಬರಲಿಲ್ಲ. ಅವನ ಕಣ್ಣು ಗೋಡೆಗೆ ಹೋಗಿ, ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆ ಹೋಗಿ, ವಾಪಸು ಬಂತು.

“ಹಳೇ ಮರ ಅಕ್ಕ. ಬಿಸಿಲಿಗೆ ಹಿಗ್ಗತ್ತೆ, ಚಳಿಗೆ ಕುಗ್ಗತ್ತೆ.”

“ಒಂದೂವರೆ ಅಡಿ ಹಿಗ್ಗೋಕೆ ಅದೇನು ನಿನ್ನ ಸೊಂಟನಾ?”

ಮೇಸ್ತ್ರಿಯ ಮಗಳು ಬೇಡವೆಂದರೂ ಕಿಸಕ್ಕನೆ ನಕ್ಕಳು. ಪೆನ್ಸಿಲ್ ನಗಲಿಲ್ಲ.

“ನೂರ ನಲವತ್ತೊಂದರಿಂದ ಬಿಲ್ಲೆ ಎಲ್ಲ ದಿಕ್ಕು ತಪ್ಪಿ ಕೂತಿವೆ. ಹಳೇ ಮೊಳೆತೂತಿಗೆ ಮೇಣ ತುಂಬಿದೆ. ಒಲೆಗೆ ಅಂತ ಎಸೆದಿರೋ ಹದಿನಾಲ್ಕು ಮರದಲ್ಲಿ ಒಂದಕ್ಕೂ ಹುಳ ಹತ್ತಿಲ್ಲ. ಈಗ ಹೇಳು, ಪೆಟ್ಟಿಗೆಯಲ್ಲಿ ಏನಿತ್ತು?”

“ಯಾವ ಪೆಟ್ಟಿಗೆ?”

“ನಾನು ಪೆಟ್ಟಿಗೆ ಅಂದ ಕೂಡ್ಲೇ ಆ ಗೋಡೆ ಬುಡಕ್ಕೆ ಕಣ್ಣು ಹಾಕಿದ್ಯಲ್ಲ, ಆ ಪೆಟ್ಟಿಗೆ. ಎರಡಡಿ ಅಗಲದ್ದು.”

“ಅಕ್ಕ, ನೀವು ಸುಮ್ನೆ ಇಲ್ಲದ ಕತೆ ಕಟ್ತಿದ್ದೀರಿ.”

“ನನ್ನ ಹತ್ರ ಕಾಗೆ ಹಾರಿಸ್ಬೇಡ. ಐದು ಗಂಟೆಗೆ ಇನ್ಸ್‌ಪೆಕ್ಟರು ಬರ್ತಾರೆ. ಹೊಸ ನಕ್ಷೆ ನಿನ್ನ ಕೈಬರಹ. ಮೇಸ್ತ್ರಿಗೆ ಗೊತ್ತಾಯ್ತು ಅಂತ ಹಲಗೆ ಕೊಯ್ದೆಯಾ?”

“ಅಯ್ಯೋ!” ಅವನ ಕಂಕುಳಿಂದ ಸುರುಳಿ ಜಾರಿ ನೆಲಕ್ಕೆ ಬಿತ್ತು. “ಮಕ್ಕಳಾಣೆ ಅಕ್ಕ, ಹಲಗೆ ವಿಷಯ ನಂಗೊತ್ತಿಲ್ಲ. ಗರಗಸ ಹಿಡಿದ್ರೆ ನನ್ನ ಬೆರಳೇ ಹೋಗತ್ತೆ.”

“ಬಿಲ್ಲೆ?”

ಅವನು ಸುರುಳಿ ಎತ್ತಿಕೊಳ್ಳಲು ಬಗ್ಗಿದ. ತಂಗಿ ಒಂದು ಹೆಜ್ಜೆ ಮುಂದೆ ಬಂದಳು.

“ಹೇಳೋ ಅಣ್ಣ. ಏನಿದೆಯೋ ಅದನ್ನ ಹೇಳಿಬಿಡು.”

“ಏನು ಹೇಳ್ಲಿ? ನಿನ್ನ ಗಂಡನ್ನ ಕೇಳು!” ಎಂದು ಸಿಡುಕಿದವನು, ಆಡಿದ ಮಾತನ್ನು ಮತ್ತೆ ಬಾಯೊಳಗೆ ತುರುಕಿಕೊಳ್ಳುವವನಂತೆ ಕೈ ಅಡ್ಡ ಹಿಡಿದ.

ಹೊರಗೆ ಸಾರವೆಗೆ ಕಟ್ಟಿದ್ದ ಹಗ್ಗ ಗಾಳಿಗೆ ಟಪಟಪ ಬಡಿಯುತ್ತಿತ್ತು.

“ನನ್ನ ತಮ್ಮನಾ?” ಅಳತೆ ಅತ್ತೆಯ ದನಿ ಅವಳಿಗೇ ಅಪರಿಚಿತವಾಗಿ ಕೇಳಿತು.

ಪೆನ್ಸಿಲ್ ಗೋಡೆಗೊರಗಿ ಕುಸಿದು ಕೂತ. “ಬಿಲ್ಲೆ ಕಿತ್ತಿದ್ದು ನಾನೇ. ನಕ್ಷೆ ತಿದ್ದಿದ್ದೂ ನಾನೇ. ಹೇಳಿದ್ದು ಭಾವ. ಗೋಡೆ ಬಿಚ್ಚಿದ ದಿನ ಸಂದಲ್ಲಿ ತಗಡಿನ ಪೆಟ್ಟಿಗೆ ಸಿಕ್ತು. ಮೇಸ್ತ್ರಿ ಲಾರಿ ಹತ್ರ ಇದ್ರು. ನಾನು, ಭಾವ, ಇಬ್ಬರೇ. ಭಾವ ಮುಚ್ಚಳ ತೆಗೆದು ಪುಸ್ತಕ ತಿರುವಿ ನೋಡಿದ. ಮುಖ ಬಿಳಚಿಕೊಂಡ್ತು. ಇದು ಅಕ್ಕಂಗೆ ಗೊತ್ತಾಗ್ಬಾರ್ದು ಅಂದ. ಗೋಡೆ ಇದ್ದ ಹಾಗೇ ಕಟ್ಟಿದ್ರೆ ಅಕ್ಕ ಒಳಗೂ ಅಳೀತಾಳೆ, ಹೊರಗೂ ಅಳೀತಾಳೆ, ಸಂದು ಯಾಕೆ ಅಂತ ಕೇಳ್ತಾಳೆ. ಅವಳ ಕೈಲಿ ಟೇಪಿದ್ರೆ ಮುಗೀತು. ಗೋಡೆನೇ ಬೇಡ ಅಂದ.”

“ಮೇಸ್ತ್ರಿ ಒಪ್ಪಿದ್ರಾ?”

“ಹಳೇ ಕಾಗದ, ಗೆದ್ದಲು ಹಿಡಿದಿದೆ, ಸುಟ್ವಿ ಅಂದ್ವಿ. ಕೋಣೆ ಸ್ವಲ್ಪ ದೊಡ್ಡದಾಗ್ಲಿ, ಮಕ್ಕಳಿಗಾಗತ್ತೆ ಅಂದ್ವಿ. ಮುಖ ಹಿಂಡಿದ್ರು, ಆದ್ರೂ ಒಪ್ಪಿದ್ರು. ಹೋದ ವಾರ ಆ ಪೆಟ್ಟಿಗೆ ಅವರಿಗೆ ಎಲ್ಲಿ ಸಿಕ್ತೋ ಕಾಣೆ. ಶುಕ್ರವಾರ ಬಂದವರೇ, ನೂರ ಎಂಬತ್ನಾಲ್ಕು ಮರಾನೂ ಇದ್ದಲ್ಲೇ ನಿಲ್ಲಿಸ್ತೀನಿ, ಅಳತೆಯಮ್ಮನ ಕೈಯಲ್ಲೇ ಅಳೆಸ್ತೀನಿ ಅಂದ್ರು. ಬೇಡ ಅಂತ ಭಾವ ಅಂಗಲಾಚಿದ. ಆಮೇಲೆ ಕೂಗಾಡಿದ. ಅದೇ ಜಗಳ.”

ಅಳತೆ ಅತ್ತೆ ಕಿಟಕಿಯ ಚೌಕಟ್ಟು ಹಿಡಿದುಕೊಂಡಳು.

ತಮ್ಮನನ್ನು ಬಿಡಿಸಲೆಂದು ನಾಲ್ಕು ದಿನ ಹುಡುಕಾಡಿ, ಇವತ್ತು ಒಂದೊಂದೇ ಸಾಕ್ಷಿ ಹೆಕ್ಕಿ ತೆಗೆದಿದ್ದಳು. ಬಿಲ್ಲೆ, ಮೇಣ, ಹದಿನಾಲ್ಕು ಮರ, ಬಿಳಿಯ ಚೌಕ. ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿದ್ದಳು. ಈಗ ನೋಡಿದರೆ ಅವಳು ಕಟ್ಟಿ ನಿಲ್ಲಿಸಿದ್ದು ತಮ್ಮನ ಮೇಲಿನ ಕೇಸನ್ನೇ. ಇನ್ಸ್‌ಪೆಕ್ಟರಿಗೆ ಇಲ್ಲದಿದ್ದದ್ದು ಜಗಳದ ಕಾರಣವೊಂದೇ. ಅದನ್ನೂ ಅವಳೇ ಹುಡುಕಿಟ್ಟಿದ್ದಳು.

ಆದರೂ ಒಳಗೆಲ್ಲೋ ಒಂದು ಮೂಲೆ ಬೆಚ್ಚಗಾಯಿತು. ಅಕ್ಕನಿಗೆ ನೋವಾಗಬಾರದೆಂದು ಮಾಡಿದ್ದಾನೆ. ನಾಲ್ಕು ದಿನ ಪೊಲೀಸರ ಮುಂದೆ ಬಾಯಿ ಹೊಲಿದುಕೊಂಡಿದ್ದೂ ಅದಕ್ಕೇ.

“ಅಂಥದ್ದೇನಿತ್ತು ಆ ಪುಸ್ತಕದಲ್ಲಿ?”

ಪೆನ್ಸಿಲ್ ತಲೆ ತಗ್ಗಿಸಿದ.

“ಅವನನ್ನ ಯಾಕೆ ಕೇಳ್ತೀರಿ?” ಎಂದಳು ಮೇಸ್ತ್ರಿಯ ಮಗಳು. “ನನ್ನ ಕೇಳಿ.”

ಅವಳು ತನ್ನ ಉಪಕರಣದ ಚೀಲವನ್ನು ನೆಲದ ಮೇಲಿಟ್ಟು, ಉಳಿಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟಳು. ತಳದಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಪುಸ್ತಕವಿತ್ತು. ಸರ್ವೆಯವರ ಅಳತೆ ಪುಸ್ತಕ. ಅಂಥ ಪುಸ್ತಕಗಳನ್ನು ಅಳತೆ ಅತ್ತೆ ಜೀವಮಾನದಲ್ಲಿ ಸಾವಿರ ನೋಡಿದ್ದಳು. ಇದನ್ನು ಮುಟ್ಟಲು ಮಾತ್ರ ಕೈ ಮುಂದಾಗಲಿಲ್ಲ.

“ಪೆಟ್ಟಿಗೆ ಗೋದಾಮಿನ, ಅಂದ್ರೆ ಈ ಅಡುಗೆಮನೆ ಅಟ್ಟದಲ್ಲಿತ್ತು. ಅಪ್ಪಂಗೆ ಗುರುವಾರ ಸಿಕ್ತು. ನನಗೆ ಕೊಟ್ಟು ಜೋಪಾನ ಅಂದ್ರು. ಓದಿ.”

ಗುರುತಿಟ್ಟ ಪುಟ ತಾನಾಗಿ ತೆರೆದುಕೊಂಡಿತು. ಒಂದು ದಿಬ್ಬದ ಚಿತ್ರ. ಮೂಡಲ ಕಡೆ ಗಡಿರೇಖೆ. ರೇಖೆಯ ಮೇಲೆ ಕಪ್ಪು ಶಾಯಿಯಲ್ಲಿ ಅರವತ್ತೊಂದು ಗಜ ಎಂದು ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮೂವತ್ತೊಂಬತ್ತು ಎಂದು ತಿದ್ದಿತ್ತು. ಸಾಹೇಬರ ಕೈಬರಹ.

“ಅದು ಈ ದಿಬ್ಬ,” ಎಂದಳು ಮೇಸ್ತ್ರಿಯ ಮಗಳು. “ಮೂಡಲ ಕಡೆ ನಮ್ಮ ತಾತನ ತೋಪಿತ್ತು. ಅರವತ್ತೊಂದು ಗಜ ಅವನದ್ದು. ಒಂದು ಕೆಂಪು ಗೆರೆಗೆ ಇಪ್ಪತ್ತೆರಡು ಗಜ ನಿಮ್ಮಪ್ಪನ ಕಡೆ ಬಂತು. ಈಗ ನಾವು ನಿಂತಿದ್ದೀವಲ್ಲ, ಇದೇ ನೆಲ. ತಾತ ಜಗಳಕ್ಕೂ ಹೋಗ್ಲಿಲ್ಲ. ಸರ್ಕಾರದ ಅಳತೆ ಸುಳ್ಳು ಹೇಳತ್ತಾ, ನಾನೇ ಬೇಲಿ ತಪ್ಪಾಗಿ ಹಾಕಿದ್ದೆ ಅಂತ ಸಾಯೋವರೆಗೂ ನಾಚ್ಕೊಂಡಿದ್ದ. ನಮ್ಮಪ್ಪ ತನ್ನ ಅಪ್ಪನ ನೆಲದ ಮೇಲೆ ಏಳು ತಿಂಗಳಿಂದ ಬೇರೆಯವರ ಮನೆ ಎಬ್ಬಿಸ್ತಿದ್ರು. ಗೊತ್ತಿಲ್ಲದೆ.”

“ಸಾಹೇಬರು ಮಾಡಿದ ತಪ್ಪಿಗೆ...”

“ಕೆಳಗೆ ನೋಡಿ ಅತ್ತೆ.”

ಪುಟದ ಬುಡದಲ್ಲಿ, ಅಳತೆ ಹಿಡಿದವರು ಎಂಬಲ್ಲಿ ಒಂದು ಸಹಿ. ದುಂಡು ದುಂಡು ಅಕ್ಷರ. ಇಪ್ಪತ್ತಮೂರು ವರ್ಷದ ಹುಡುಗಿ, ಹೊಸ ಕೆಲಸದ ಹೆಮ್ಮೆಯಲ್ಲಿ, ತಪ್ಪಾದೀತೆಂಬ ಭಯದಲ್ಲಿ, ಒತ್ತಿ ಒತ್ತಿ ಬರೆದ ಸಹಿ. ಅವಳದೇ.

ಆ ದಿನಗಳು ಒಂದೇಟಿಗೆ ನುಗ್ಗಿ ಬಂದವು. ಬಿಸಿಲು ಜಾಸ್ತಿ ಇದೆ, ನೀನು ನೆರಳಲ್ಲಿ ಕೂತಿರಮ್ಮ, ಜವಾನ ಹಿಡೀತಾನೆ ಎನ್ನುತ್ತಿದ್ದರು ಸಾಹೇಬರು. ಸಂಜೆ ಹೊತ್ತಿಗೆ ಪುಸ್ತಕಗಳ ಕಟ್ಟು ಮೇಜಿನ ಮೇಲಿರುತ್ತಿತ್ತು. ಎಲ್ಲರೂ ಹಾಗೇ ಮಾಡ್ತಾರೆ ಎನ್ನುತ್ತಿದ್ದರು. ಹೊಸಬಳು, ಎದುರಾಡುವುದು ಹೇಗೆ? ತಾನು ಹಿಡಿಯದ ಅಳತೆಗಳಿಗೆ ಒಂದರ ಮೇಲೊಂದು ಸಹಿ ಹಾಕಿದ್ದಳು. ಯಾವ ಊರು, ಯಾರ ಗಡಿ ಎಂದು ನೋಡಿದ್ದು ನೆನಪಿಲ್ಲ. ಸಹಿ ಹಾಕುವಾಗ ಆ ಕೆಂಪು ಅಂಕಿ ಇತ್ತೋ ಇರಲಿಲ್ಲವೋ, ಅದೂ ನೆನಪಿಲ್ಲ.

ಅಪ್ಪನಿಗೆ ಗೊತ್ತಿತ್ತೇ? ಅಪ್ಪನೇ ಸಾಹೇಬರಿಗೆ ಹೇಳಿಸಿದ್ದನೇ?

ಮತ್ತೆ ತಮ್ಮ? ಅಕ್ಕನ ಹೆಸರಿಗೆ ಮಸಿ ಹತ್ತಬಾರದೆಂದು ಬಚ್ಚಿಟ್ಟನೋ, ಕಾಲಡಿಯ ನೆಲ ಕೈಜಾರಬಾರದೆಂದು ಬಚ್ಚಿಟ್ಟನೋ? ಸ್ವಲ್ಪ ಹೊತ್ತಿನ ಮೊದಲು ಬೆಚ್ಚಗಾಗಿದ್ದ ಮೂಲೆ ತಣ್ಣಗಾಯಿತು.

“ಗುರುವಾರದಿಂದ ಇದು ನಿನ್ನ ಚೀಲದಲ್ಲಿದೆ,” ಎಂದಳು ಅವಳು ಕಷ್ಟಪಟ್ಟು. “ನಾಲ್ಕು ದಿನ ನನ್ನ ಜೊತೆ ಟೇಪು ಹಿಡಿದೆ. ಯಾಕೆ ಹೇಳ್ಲಿಲ್ಲ?”

“ನೀವು ಎಲ್ಲಿವರೆಗೆ ಅಳೀತೀರಿ ಅಂತ ನೋಡ್ಬೇಕಿತ್ತು.”

“ನನ್ನ ಮೇಲೆ ಅಷ್ಟು ಅನುಮಾನನಾ?”

“ನಿಮ್ಮ ಸಹಿ ಇರೋ ಪುಸ್ತಕ ಇದು. ನನ್ನ ಜಾಗದಲ್ಲಿ ನೀವಿದ್ದಿದ್ರೆ?”

ದಿಬ್ಬದ ಬುಡದಲ್ಲಿ ಜೀಪು ಗೇರು ಬದಲಿಸಿದ ಸದ್ದು ಕೇಳಿತು. ಐದಾಗಲು ಇನ್ನೂ ಹತ್ತು ನಿಮಿಷವಿತ್ತು.

“ಅತ್ತಿಗೆ,” ತಮ್ಮನ ಹೆಂಡತಿ ಓಡಿಬಂದು ಅವಳ ಮುಂಗೈ ಹಿಡಿದಳು. “ಆ ಪುಸ್ತಕ ನನಗೆ ಕೊಡಿ. ಶೆಡ್ಡಿನಲ್ಲಿ ಒಲೆ ಉರೀತಿದೆ. ಎರಡು ನಿಮಿಷ ಸಾಕು. ನಿಮ್ಮ ಮರ್ಯಾದೆನೂ ಉಳಿಯತ್ತೆ, ನನ್ನ ಗಂಡನೂ ಉಳೀತಾರೆ.”

“ಮುಟ್ಟಿ ನೋಡಿ,” ಎಂದಳು ಮೇಸ್ತ್ರಿಯ ಮಗಳು. ಅವಳ ಕೈ ನೆಲದ ಮೇಲಿನ ಉಳಿಗಳ ಹತ್ತಿರ ಇತ್ತು.

ಅಳತೆ ಅತ್ತೆ ಪುಸ್ತಕವನ್ನು ಎದೆಗವುಚಿಕೊಂಡಳು. ಕೊಡುವುದಕ್ಕೋ ಕೊಡದಿರುವುದಕ್ಕೋ ಅವಳಿಗೇ ತಿಳಿಯದು. ಜೀಪಿನ ಬಾಗಿಲು ಬಡಿದುಕೊಂಡಿತು. ಜಲ್ಲಿಕಲ್ಲಿನ ಮೇಲೆ ಬೂಟಿನ ಸದ್ದು, ಹಿಂದೆಯೇ ತಮ್ಮನ ಚಪ್ಪಲಿಯ ಎಳೆದಾಟ.

ಇನ್ಸ್‌ಪೆಕ್ಟರು ಟೋಪಿ ತೆಗೆದು, ಬಾಗಿಲ ತೊಲೆಗೆ ತಲೆ ತಾಗದಂತೆ ಬಗ್ಗಿ ಒಳಬಂದರು. ಅವರ ಭುಜದ ಮೇಲಿಂದ ತಮ್ಮನ ಮುಖ ಕಂಡಿತು. ಗಡ್ಡ ಬೆಳೆದಿತ್ತು. ಅವನ ಕಣ್ಣು ಮೊದಲು ಅಕ್ಕನ ಮುಖ ಹುಡುಕಿತು. ಆಮೇಲೆ ಅವಳ ಕೈಯ ಪುಸ್ತಕ ಕಂಡಿತು. ಅವನು ನಿಂತಲ್ಲೇ ನಿಂತ.

“ಸಾರ್,” ಅಳತೆ ಅತ್ತೆ ಮುಂದೆ ಬಂದಳು. “ನಾನೊಂದು ವಿಷಯ ಹೇಳ್ಬೇಕು. ಇದರಲ್ಲಿ ಮೊದಲನೇ ತಪ್ಪು ನಂದು.”

“ಅಕ್ಕ, ಸುಮ್ನಿರು!” ತಮ್ಮ ಕಿರುಚಿದ.

“ಆಮೇಲೆ ಹೇಳುವಿರಂತೆ,” ಎಂದರು ಇನ್ಸ್‌ಪೆಕ್ಟರು ಕೈ ಎತ್ತಿ. “ಮೊದಲು ನಾನು ಹೇಳ್ತೀನಿ, ಕೇಳಿ. ನಾನು ಈಗಷ್ಟೇ ಆಸ್ಪತ್ರೆಗೆ ಹೋಗಿ ಬರ್ತಿದ್ದೀನಿ. ಮೇಸ್ತ್ರಿ ಕಣ್ಣು ಬಿಟ್ರು.”

“ಅಪ್ಪ!” ಮೇಸ್ತ್ರಿಯ ಮಗಳು ಧಡಕ್ಕನೆ ಎದ್ದಳು. “ಹೇಗಿದ್ದಾರೆ?”

“ಜೀವಕ್ಕೆ ಭಯವಿಲ್ಲ ಅಂದ್ರು ಡಾಕ್ಟರು. ಎರಡು ನಿಮಿಷ ಮಾತಾಡಿ ಮತ್ತೆ ನಿದ್ದೆಗೆ ಜಾರಿದ್ರು. ಹಲಗೆ ಕೊಯ್ದವರು ಯಾರು ಅಂತ ಕೇಳಿದೆ. ಅದಕ್ಕೆ ಬಾಯಿ ಬಿಡಲಿಲ್ಲ. ಅವರೇ ನನ್ನನ್ನ ಒಂದು ಪ್ರಶ್ನೆ ಕೇಳಿದ್ರು.” ಇನ್ಸ್‌ಪೆಕ್ಟರು ಕೋಣೆಯಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿ, ಅಳತೆ ಅತ್ತೆಯ ಮೇಲೆ ಕಣ್ಣು ನಿಲ್ಲಿಸಿದರು. “‘ಅಳತೆಯಮ್ಮ ಹತ್ತಿಲ್ಲ ತಾನೇ?’ ಅಂದ್ರು.”

ಅಳತೆ ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಪುಸ್ತಕವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಸಾರವೆ ಹತ್ತಿ, ಆ ವಾರ ಏರಿಸಿದ ಮರಗಳ ಎತ್ತರ ಅಳೆಯುತ್ತಿದ್ದವಳು ಅವಳು. ತೊಲೆಯ ಪಕ್ಕದ ಆ ಒಂದು ಹಲಗೆಯ ಮೇಲೆ, ಮುರಿದ ಅದೇ ಹಲಗೆಯ ಮೇಲೆ, ಅವಳಲ್ಲದೆ ಬೇರೆ ಯಾರೂ ಕಾಲಿಡುತ್ತಿರಲಿಲ್ಲ. ಹೋದ ಶುಕ್ರವಾರ ಬಸ್ಸು ಕೆಟ್ಟು ನಿಂತು ಅವಳು ಬಂದಿರಲಿಲ್ಲ. ಆ ಹಲಗೆ ಮೇಸ್ತ್ರಿಗೆಂದು ಕೊಯ್ದದ್ದಲ್ಲ. ಯಾರಿಗೆಂದು ಮೇಸ್ತ್ರಿಗೆ ಗೊತ್ತಿತ್ತು. ಗೊತ್ತಿದ್ದೇ, ಅದನ್ನು ತೆಗೆದುಹಾಕಲೆಂದು ಅವಳಿಗಿಂತ ಮೊದಲು ಮೇಲೆ ಹತ್ತಿದ್ದ.

ಅವಳು ಪುಸ್ತಕದ ಮೇಲಿಂದ ತಲೆಯೆತ್ತಿದಳು. ತಮ್ಮ, ತಮ್ಮನ ಹೆಂಡತಿ, ಪೆನ್ಸಿಲ್, ಮೇಸ್ತ್ರಿಯ ಮಗಳು. ನಾಲ್ಕು ಜನ, ನಾಲ್ಕು ಹೆಜ್ಜೆಯೊಳಗೆ.

ಮೇಸ್ತ್ರಿಯ ಆ ಮಾತಿನ ಅರ್ಥವೇನೆಂದು ನಾಲ್ವರಲ್ಲಿ ಒಬ್ಬರೂ ಕೇಳಲಿಲ್ಲ.